ಕುಡುಗೋಲಿನಂಥ ರಕ್ತಕಣ

ನಮ್ಮ ರಕ್ತದ ಕೆಂಪುಕಣಗಳು ದುಂಡಗಿರುತ್ತವೆ. ಸಿಕಲ್ ಸೆಲ್ ರೋಗ ಇದ್ದವರಲ್ಲಿ ಅವು ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಕೈಕಾಲು ವಿಪರೀತ ನೋಯುತ್ತೆ.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಜೊತೆಗಾರರು ಇದಕ್ಕೆ ಹಿಮೋಗ್ಲೋಬಿನ್ನಿನ ದೋಷವೇ ಕಾರಣವೆಂದು ತೋರಿಸಿದರು. ಆಮೇಲೆ ವರ್ನನ್ ಇಂಗ್ರಾಮ್ ದೋಷದ ಜಾಗ ಕಂಡುಹಿಡಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಮಣಿಸರದಂತೆ ಇವೆ. ಅದರಲ್ಲಿ 6ನೆಯ ಮಣಿ ಒಂದೇ ಬೇರೆ! ಅಷ್ಟಕ್ಕೇ ಇಷ್ಟು ನೋವು. ತಂದೆತಾಯಿ ಇಬ್ಬರಿಂದಲೂ ಆ ಜೀನ್ ಬಂದರೆ ರೋಗ, ಮುಟ್ಟಿದರೆ ಅಂಟಲ್ಲ.

2023ರಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಜೀನ್ ತಿದ್ದುವ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್! ನನ್ನ ಅತ್ತೆಮಗ ಹೈಡ್ರಾಕ್ಸಿಯೂರಿಯಾ ಮಾತ್ರೆ ತಗೋತಾನೆ, ನೋವು ಬರೋದು ಕಡಿಮೆಯಾಗಿದೆ. ನೀರೂ ಜಾಸ್ತಿ ಕುಡಿಯಬೇಕು. ತರಗತಿಯಲ್ಲಿ ನೀರು ಕುಡಿಯೋಕೆ ಎದ್ದರೆ ಯಾರೂ ನಗಬೇಡಿ.