ಹೊಯ್ಸಳರ ಮೂರು ಊರು, ಒಂದು ಸೈಕಲ್ ಸುತ್ತು

ಹಳೇಬೀಡಿಗೆ ಬಂದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರನ ಗುಡಿ ನೋಡಿಕೊಂಡು ಬೇಲೂರಿನ ದಾರಿ ಹಿಡಿಯುತ್ತಾರೆ. ಹಳೇಬೀಡಿನ ಉತ್ತರಕ್ಕಿರುವ ಜಾವಗಲ್, ಬೆಳವಾಡಿಗಳತ್ತ ತಿರುಗುವವರು ಕಡಿಮೆ. ಈ ಮೂರೂ ಊರುಗಳನ್ನು ಸೇರಿಸಿದರೆ 35ರಿಂದ 40 ಕಿ.ಮೀ.ಗಳ ಸೊಗಸಾದ ಸೈಕಲ್ ಸುತ್ತು ಸಿಗುತ್ತದೆ. ಬೇಲೂರು, ಅರಸೀಕೆರೆ, ಚಿಕ್ಕಮಗಳೂರು ಈ ಮೂರು ತಾಲ್ಲೂಕುಗಳ ನೆಲವನ್ನು ಮುಟ್ಟಿ ಬರುವ ದಾರಿಯಿದು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗವಾದ್ದರಿಂದ ಘಟ್ಟದ ಏರಿಲ್ಲ; ಆದರೆ ದಿಣ್ಣೆ ಹತ್ತಿ ತಗ್ಗಿಗೆ ಇಳಿಯುವುದು ಉದ್ದಕ್ಕೂ ಇದ್ದೇ ಇದೆ. ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ತೋಟ, ದಿಣ್ಣೆಯ ಮೇಲೆ ರಾಗಿ ಹೊಲ. ಇಷ್ಟೊಂದು ಕಲ್ಲಿನ ಕೆಲಸವನ್ನು ಪೋಷಿಸಿದ ನೆಲ ಎಂಥದ್ದು ಎಂಬುದು ಕಾರಿನ ಕಿಟಕಿಯಿಂದ ತಿಳಿಯುವುದಿಲ್ಲ. ಸೈಕಲ್ ತುಳಿಯುವಾಗ ಅದು ಕಾಲಿಗೇ ತಿಳಿಯುತ್ತದೆ.

ಯಾರು, ಯಾವಾಗ

ತಮ್ಮ ಊರಿನಲ್ಲಿ ನಿಲ್ಲಿಸದೆ 15–20 ಕಿ.ಮೀ. ತುಳಿಯಬಲ್ಲವರು ಧೈರ್ಯವಾಗಿ ಹೊರಡಬಹುದು. ಗಂಟೆಗೆ 15 ಕಿ.ಮೀ. ವೇಗ ಹಿಡಿದರೂ ಬರೀ ತುಳಿತಕ್ಕೆ ಎರಡೂವರೆ ಗಂಟೆ ಸಾಕು. ಗುಡಿ, ತಿಂಡಿ, ಎಳನೀರು ಎಲ್ಲ ಸೇರಿ ಆರೇಳು ಗಂಟೆ ಇಟ್ಟುಕೊಳ್ಳಿ. ಅವಸರ ಮಾಡಿ ಮೂರು ಗಂಟೆಯಲ್ಲಿ ಮುಗಿಸಲು ಈ ದಾರಿ ಯಾಕೆ ಬೇಕು?

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮುಂಗಾರಿನಲ್ಲಿ ಪಡುವಣ ಗಾಳಿ ಜೋರು, ಜಡಿಮಳೆಯೂ ಉಂಟು. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ಕೆಳಗೆ ಹೇಳುವ ಕ್ರಮದಲ್ಲಿ ಹೋದರೆ ಜಾವಗಲ್‌ನಿಂದ ಬೆಳವಾಡಿಗೆ ಅದು ಬೆನ್ನು ತಳ್ಳುತ್ತದೆ.

ಒಂದು ಎಚ್ಚರಿಕೆ. ನವೆಂಬರ್ ನಂತರ ಸುಗ್ಗಿ. ರಾಗಿ ತೆನೆ, ಹುರುಳಿ ಗಿಡಗಳನ್ನು ರಸ್ತೆಯ ಮೇಲೇ ಹರಡಿ, ಓಡಾಡುವ ಗಾಡಿಗಳಿಂದ ಒಕ್ಕಣೆ ಮಾಡಿಸುವುದು ಈ ಕಡೆ ಸಾಮಾನ್ಯ. ಕಾರಿಗೆ ಇದರಿಂದ ತೊಂದರೆಯಿಲ್ಲದಿರಬಹುದು, ಸೈಕಲ್ಲಿಗೆ ಇದು ನಿಜವಾದ ಅಪಾಯ. ತೆಳು ಟೈರು ಜಾರುತ್ತದೆ, ಒಣ ಬಳ್ಳಿ ಚೈನಿಗೂ ಗೇರಿಗೂ ಸುತ್ತಿಕೊಂಡು ಚಕ್ರ ಹಿಡಿದು ನಿಲ್ಲುತ್ತದೆ. ಅಂಥಲ್ಲಿ ಬ್ರೇಕ್ ಹಾಕುತ್ತ ದಾಟಲು ಹೋಗಬೇಡಿ; ಮೊದಲೇ ಇಳಿದು ಸೈಕಲ್ ತಳ್ಳಿಕೊಂಡು, ಸಾಧ್ಯವಾದರೆ ಎತ್ತಿಕೊಂಡೇ ನಡೆಯಿರಿ. ಅಲ್ಲಿರುವುದು ಒಂದು ಮನೆಯ ವರ್ಷದ ಕಾಳು.

ಹೊರಡುವ ಮುನ್ನ

ದುಬಾರಿ ರೇಸಿಂಗ್ ಸೈಕಲ್ ಬೇಕಿಲ್ಲ. ಗೇರ್ ಇರುವ ಯಾವುದೇ ಗಟ್ಟಿ ಸೈಕಲ್ ಆದೀತು. ರೋಡ್ ಬೈಕ್ ಆದರೆ 28ರಿಂದ 32 ಮಿ.ಮೀ. ಅಗಲದ ಟೈರು ಹಾಕಿಸಿ; ಅದಕ್ಕಿಂತ ತೆಳುವಾದದ್ದು ಹಳ್ಳಿ ರಸ್ತೆಯ ಗುಂಡಿಗಳಿಗೆ ಒಗ್ಗುವುದಿಲ್ಲ. ಗಾಳಿಯನ್ನು ಕಲ್ಲಿನಂತೆ ತುಂಬುವ ಅಭ್ಯಾಸ ಹಲವರಿಗಿದೆ. ಟೈರಿನ ಮೇಲೆ ಬರೆದಿರುವ ಗರಿಷ್ಠ ಮಿತಿಗಿಂತ ಸಾಕಷ್ಟು ಕೆಳಗಿರಲಿ, ಮೈಕೈ ನೋವು ಕಡಿಮೆಯಾಗುತ್ತದೆ.

ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಕೈ ಪಂಪು, ಪ್ಯಾಚು ಜೊತೆಗಿರಲೇಬೇಕು. ಊರಿನ ಪಂಕ್ಚರ್ ಅಂಗಡಿಯಲ್ಲಿ ಮೋಟಾರ್ ಬೈಕಿನ ಚಕ್ರಕ್ಕೆ ಗಾಳಿ ಹಾಕುವ ವ್ಯವಸ್ಥೆ ಸಿಗುತ್ತದೆ, ಆದರೆ ರೋಡ್ ಬೈಕಿನ ಸಣ್ಣ ಪ್ರೆಸ್ಟಾ ವಾಲ್ವಿಗೆ ಅದು ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಕಿಸೆಯಲ್ಲಿಟ್ಟುಕೊಂಡರೆ ಆ ಅಂಗಡಿಯೇ ನಿಮ್ಮನ್ನು ಕಾಪಾಡುತ್ತದೆ. ನಿಲ್ಲಿಸುವಾಗ ಸೈಕಲನ್ನು ರಸ್ತೆಯ ಅಂಚಿಗೆ ಉರುಳಿಸಬೇಡಿ, ಎತ್ತಿಡಿ. ಅಂಚಿನಲ್ಲಿ ಜಾಲಿ ಮುಳ್ಳು ಬಿದ್ದಿರುತ್ತದೆ.

ಹೆಲ್ಮೆಟ್, ಮಿನುಗುವ ಹಿಂದೀಪ, ಎರಡು ಬಾಟಲಿ ನೀರು, ಬೀಗ. ಇವುಗಳ ಜೊತೆಗೆ ಸಡಿಲವಾದ ಒಂದು ಪ್ಯಾಂಟು ಅಥವಾ ಪಂಚೆ. ಜಾವಗಲ್, ಬೆಳವಾಡಿ ಎರಡೂ ಕಡೆ ಇರುವುದು ಇಂದಿಗೂ ಪೂಜೆ ನಡೆಯುವ ಗುಡಿಗಳು, ಬಿಗಿಯಾದ ಸೈಕಲ್ ಚಡ್ಡಿಯಲ್ಲಿ ಒಳಗೆ ಹೋಗುವುದು ಚೆನ್ನಲ್ಲ.

ಮೊದಲು ಹೆದ್ದಾರಿ: ಹಳೇಬೀಡು – ಜಾವಗಲ್, ಸುಮಾರು 15 ಕಿ.ಮೀ.

ಹಾಸನದಿಂದ ಹಳೇಬೀಡಿಗೆ 31 ಕಿ.ಮೀ. ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ಳುವುದು ಉತ್ತಮ. ಬೆಳಿಗ್ಗೆ ಆರೂವರೆಗೆ, ಚೆನ್ನಾಗಿ ಬೆಳಕಾದ ಮೇಲೆ, ಬಾಣಾವರದ ದಿಕ್ಕಿನ ಹೆದ್ದಾರಿ ಹಿಡಿಯಿರಿ. ಸುತ್ತಿನಲ್ಲಿ ಲಾರಿ, ಬಸ್ಸು ಹೆಚ್ಚಿರುವ ಭಾಗ ಇದೊಂದೇ. ಅದಕ್ಕೇ ಇದನ್ನು ಮೊದಲು, ದಟ್ಟಣೆ ಏಳುವ ಮುನ್ನವೇ ಮುಗಿಸಬೇಕು. ದಣಿದ ಕಾಲಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಹೆದ್ದಾರಿಯ ಮೇಲೆ ವಾಪಸಾಗುವುದು ಬೇಡವೇ ಬೇಡ. ಇಬ್ಬನಿ ದಟ್ಟವಾಗಿದ್ದರೆ ಅರ್ಧ ಗಂಟೆ ಕಾಯಿರಿ.

ಏರು ಕಂಡಕೂಡಲೇ ಎದ್ದು ನಿಂತು ತುಳಿಯುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ. ಏರು ಶುರುವಾಗುವುದಕ್ಕೆ ಮುಂಚೆಯೇ ಗೇರ್ ಹಗುರ ಮಾಡಿ, ಕೂತಲ್ಲೇ ಒಂದೇ ಲಯದಲ್ಲಿ ತುಳಿಯಿರಿ. ಜೊತೆಯವರೊಡನೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ಇಳುಕಲಿನಲ್ಲಿ ಕೈ ಬ್ರೇಕಿನ ಮೇಲಿರಲಿ. ಊರು ಬರುವ ಕಡೆ ಬಣ್ಣ ಬಳಿಯದ ಹಂಪ್‌ಗಳು ದಿಢೀರನೆ ಎದುರಾಗುತ್ತವೆ.

ಜಾವಗಲ್‌ನಲ್ಲಿ ಬಿಸಿ ಇಡ್ಲಿ, ಕಾಫಿ. ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಅವರ ಹೆಸರಿನಲ್ಲಿರುವುದು ಈ ಊರೇ. ಊರೊಳಗಿನ ಲಕ್ಷ್ಮೀನರಸಿಂಹ ಗುಡಿ 13ನೇ ಶತಮಾನದ ನಡುಭಾಗದ್ದು. ಮೂರು ಗರ್ಭಗುಡಿಗಳ ತ್ರಿಕೂಟ. ಹೊರಗೋಡೆಯ ಸಾಲು ಶಿಲ್ಪಗಳನ್ನು ಬಲದಿಂದ ಸುತ್ತುತ್ತ ನಿಧಾನವಾಗಿ ನೋಡಿ. ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ, ಒಬ್ಬರೇ ನಿಂತು ನೋಡುವ ಭಾಗ್ಯ ಸಿಗಬಹುದು.

ಬೆನ್ನಿಗೆ ಗಾಳಿ: ಜಾವಗಲ್ – ಬೆಳವಾಡಿ, ಸುಮಾರು 10 ಕಿ.ಮೀ.

ಇಲ್ಲಿಂದ ಚಿಕ್ಕಮಗಳೂರಿನ ರಸ್ತೆ. ಮೊಬೈಲಿನಲ್ಲಿ ದಾರಿ ಹುಡುಕುವವರು ಹೆಸರನ್ನು ಸರಿಯಾಗಿ ನೋಡಿಕೊಳ್ಳಿ: ಮಲ್ಲಮ್ಮನ ಬೆಳವಡಿ ಬೆಳಗಾವಿ ಜಿಲ್ಲೆಯಲ್ಲಿದೆ. ನಮಗೆ ಬೇಕಾದದ್ದು ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿ. ತೆಂಗಿನ ತೋಟಗಳು ಸಿಕ್ಕಲ್ಲಿ ಎಳನೀರು ಕುಡಿಯಿರಿ. ಬಾಯಾರಿಕೆಯಾಗುವವರೆಗೆ ಕಾಯದೆ ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ನೀರು, ಗಂಟೆಗೊಂದು ಬಾಳೆಹಣ್ಣು ಅಥವಾ ಕಡಲೆಮಿಠಾಯಿ. ಕುರಿಮಂದೆ ಎದುರಾದರೆ ನಿಂತುಬಿಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಹೆಚ್ಚಿನವು ಅಷ್ಟಕ್ಕೇ ಸುಮ್ಮನಾಗುತ್ತವೆ.

ನನ್ನ ಮಟ್ಟಿಗೆ ಈ ಸುತ್ತಿನ ದೊಡ್ಡ ಸಂಪತ್ತು ಬೆಳವಾಡಿಯ ವೀರನಾರಾಯಣ ಗುಡಿ. ಎರಡನೇ ವೀರಬಲ್ಲಾಳನ ಕಾಲದ್ದು, ಸುಮಾರು 1200ರ ಹೊತ್ತಿನದು. ಬಾಗಿಲಲ್ಲಿ ಎರಡು ಕಲ್ಲಾನೆಗಳು. ಒಳಗೆ ವೇಣುಗೋಪಾಲ ಮತ್ತು ಯೋಗನರಸಿಂಹ ಎದುರುಬದುರು, ನಡುವೆ ವಿಶಾಲ ಮಂಟಪ, ಅದರಾಚೆ ಹಳೆಯ ಗುಡಿಯಲ್ಲಿ ವೀರನಾರಾಯಣ. ತಿರುಗಣೆಯಲ್ಲಿ ಕಡೆದ ಕಂಬಗಳ ಹೊಳಪು ಇನ್ನೂ ಮಾಸಿಲ್ಲ. ಹಳೇಬೀಡಿನಲ್ಲಿ ಗೋಡೆ ತುಂಬ ಶಿಲ್ಪವಿದ್ದರೆ, ಇಲ್ಲಿ ಶಿಲ್ಪಿಗಳು ತೆರೆದ ಜಾಗವನ್ನೇ ಕಟ್ಟಿದ್ದಾರೆ. ಮಂಟಪದ ಜಗಲಿಯ ಮೇಲೆ ಅರ್ಧ ಗಂಟೆಯಾದರೂ ಕೂರಿ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬ ಐತಿಹ್ಯವನ್ನು ಊರಿನವರು ಹೇಳುತ್ತಾರೆ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವುದುಂಟು, ಹನ್ನೊಂದರೊಳಗೆ ತಲುಪುವುದು ಕ್ಷೇಮ.

ಕೊನೆಗೆ ಹಳ್ಳಿದಾರಿ: ಬೆಳವಾಡಿ – ಹಳೇಬೀಡು, 10–12 ಕಿ.ಮೀ.

ದಕ್ಷಿಣಕ್ಕೆ ತಿರುಗುವ ಈ ರಸ್ತೆ ಕಿರಿದು. ದಾರಿ ಸಂಶಯವಾದರೆ ಹೊಲದಲ್ಲಿರುವವರನ್ನು ಕೇಳಿ. ತಿರುವಿನಲ್ಲಿ ಟ್ರ್ಯಾಕ್ಟರ್ ಬರಬಹುದು, ಎಡಕ್ಕೇ ಇರಿ; ಗುಂಪಿನಲ್ಲಿದ್ದರೆ ಒಬ್ಬರ ಹಿಂದೊಬ್ಬರು.

ಹಳೇಬೀಡಿನಲ್ಲಿ ಊಟ ಮುಗಿಸಿ, ಬಟ್ಟೆ ಬದಲಿಸಿ, ಬಿಸಿಲು ಇಳಿಯುವ ಹೊತ್ತಿಗೆ ಗುಡಿಗೆ ಹೋಗಿ. ವಿಷ್ಣುವರ್ಧನನ ಕಾಲದಲ್ಲಿ, 12ನೇ ಶತಮಾನದಲ್ಲಿ ಆರಂಭವಾದ ಹೊಯ್ಸಳೇಶ್ವರ ಗುಡಿ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಜೊತೆಗೆ ಬೇಲೂರು, ಸೋಮನಾಥಪುರಗಳೂ ಸೇರಿದವು. ಇಲ್ಲಿಗೇ ನಿಲ್ಲಬೇಡಿ. ಹತ್ತಿರದ ಬಸದಿಹಳ್ಳಿಯಲ್ಲಿ 1133ರ ಪಾರ್ಶ್ವನಾಥ ಬಸದಿ ಇದೆ, ಅದರ ಕಂಬಗಳಲ್ಲಿ ನಿಮ್ಮದೇ ನೆರಳು ಕಾಣುತ್ತದೆ. ಸ್ವಲ್ಪ ಮುಂದೆ ಕೇದಾರೇಶ್ವರ ಗುಡಿ. ಹಳೇಬೀಡಿನಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಕಾಲಿನಲ್ಲಿ ಕಸುವು ಉಳಿದವರು ಹಳೇಬೀಡಿನಿಂದ ಎರಡು–ಮೂರು ಕಿ.ಮೀ. ದೂರದ ಪುಷ್ಪಗಿರಿಗೆ ಹತ್ತಬಹುದು. ದಿನದ ಕಡಿದಾದ ಏರು ಅದೇ, ಇಳಿಯುವಾಗ ಎರಡೂ ಬ್ರೇಕನ್ನು ಸಮವಾಗಿ ಬಳಸಿ. ಬೇಲೂರನ್ನೂ ಸೇರಿಸಬೇಕೆನ್ನುವವರು ಅದನ್ನು ಮರುದಿನದ ಬೆಳಗಿಗೆ ಇಟ್ಟುಕೊಳ್ಳಲಿ. ಒಂದು ಕಡೆಗೆ 16 ಕಿ.ಮೀ. ಹೆದ್ದಾರಿ, ಸಂಜೆ ತುಳಿಯುವಂಥದ್ದಲ್ಲ.