ಸೆಕೆಗೆ ದೇಹ ಒಗ್ಗೋದು ಹೇಗೆ?

ಊರಿಂದ ದುಬೈಗೋ ಅಬುಧಾಬಿಗೋ ಹೊಸದಾಗಿ ಬಂದವರಿಗೆ ಎಲ್ಲರೂ ಹೇಳುವ ಮಾತು ಒಂದೇ: "ಎರಡು ವಾರ ತಡ್ಕೊ, ಆಮೇಲೆ ಅಭ್ಯಾಸ ಆಗುತ್ತೆ." ಈ ಮಾತು ಬಹುಪಾಲು ನಿಜ. ಆದರೆ ಅದಕ್ಕೆ ಕೆಲವು ಷರತ್ತುಗಳಿವೆ.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ, ಚರ್ಮದ್ದು ಸುಮಾರು 35. ಹೊರಗೆ 42 ಡಿಗ್ರಿ ಇದ್ದರೆ ಗಾಳಿಯೇ ನಮ್ಮನ್ನು ಕಾಯಿಸುತ್ತದೆ. ಆಗ ಉಳಿಯುವ ದಾರಿ ಬೆವರು ಮಾತ್ರ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖ ಹೊರಗೆ ಹೋಗುತ್ತದೆ. ಆದರೆ ಬೆವರು ಆರಬೇಕು, ತೊಟ್ಟಿಕ್ಕಿದರೆ ಉಪಯೋಗವಿಲ್ಲ. ಕಲಬುರಗಿಯ ಒಣ ಬಿಸಿಲಿಗಿಂತ ಮಂಗಳೂರಿನ ಸೆಕೆ ಸುಸ್ತು ಮಾಡೋದು ಇದಕ್ಕೇ. ಇಲ್ಲೂ ಹಾಗೆಯೇ: ಒಳನಾಡಿನ ಅಲ್ ಐನ್‌ಗಿಂತ ಕಡಲ ತಡಿಯ ದುಬೈಯಲ್ಲಿ ಆಗಸ್ಟ್ ರಾತ್ರಿಯೂ ಅಂಟಂಟು.

ಬಿಸಿಲಲ್ಲಿ ದಿನಾ ಒಂದೆರಡು ಗಂಟೆ ಮೈ ದಣಿಸಿದರೆ ಮೊದಲ ಕೆಲವು ದಿನಗಳಲ್ಲೇ ರಕ್ತದ ದ್ರವಾಂಶ ಹೆಚ್ಚಿ, ಎದೆಬಡಿತದ ವೇಗ ಇಳಿಯುತ್ತದೆ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ. ಆಲ್ಡೋಸ್ಟಿರೋನ್ ಎಂಬ ಹಾರ್ಮೋನು ಉಪ್ಪನ್ನು ಉಳಿಸುವುದರಿಂದ ಬೆವರಿನ ಉಪ್ಪು ಕಡಿಮೆಯಾಗುತ್ತದೆ. ಇದಕ್ಕೆಲ್ಲ ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಹೆಚ್ಚು ಬೆವರುವುದರಿಂದ ನೀರೂ ಹೆಚ್ಚು ಬೇಕು. "ನಂಗೆ ಅಭ್ಯಾಸ ಆಗಿದೆ, ನೀರು ಬೇಡ" ಅನ್ನೋದು ತಪ್ಪು ಲೆಕ್ಕ.

ಚಳಿಗೆ ದೇಹ ಇಷ್ಟು ಚೆನ್ನಾಗಿ ಒಗ್ಗುವುದಿಲ್ಲ. ನಡುಕ ಸ್ವಲ್ಪ ಕಡಿಮೆಯಾಗಬಹುದು, ಶಾಖ ಹುಟ್ಟಿಸುವ ಕಂದು ಕೊಬ್ಬು ಸ್ವಲ್ಪ ಚುರುಕಾಗಬಹುದು. ಅಲ್ಲಿ ಹೆಚ್ಚು ಕೆಲಸ ಮಾಡೋದು ಸ್ವೆಟರೇ.

ಈಗ ಷರತ್ತು. ಎಸಿ ರೂಮು, ಮೆಟ್ರೋ, ಮಾಲ್ ಅಂತ ಓಡಾಡುವ ನಮ್ಮಂಥವರು ಇಲ್ಲಿ ಎರಡು ವರ್ಷ ಇದ್ದರೂ ಮೈ ಏನನ್ನೂ ಕಲಿತಿರುವುದಿಲ್ಲ. ಕಲಿತದ್ದೂ ನಿಲ್ಲುವುದಿಲ್ಲ: ಬಿಸಿಲು ಬಿಟ್ಟ ಒಂದು ವಾರಕ್ಕೇ ಕರಗತೊಡಗಿ, ತಿಂಗಳಲ್ಲಿ ಬಹುತೇಕ ಹೋಗಿಬಿಡುತ್ತದೆ. ಜುಲೈ ಮಳೆಯಲ್ಲಿ ಒಂದು ತಿಂಗಳು ಊರಲ್ಲಿದ್ದು ಸೈಟಿಗೆ ಮರಳುವ ಅಣ್ಣಂದಿರಿಗೆ ಅಪಾಯ ಇರೋದು ಇಲ್ಲೇ. "ನಾನು ಹತ್ತು ವರ್ಷದ ಹಳಬ" ಅಂತ ಮೊದಲ ದಿನವೇ ಪೂರ್ತಿ ಕೆಲಸಕ್ಕೆ ಇಳಿಯುತ್ತಾರೆ. ಮೈ ಮಾತ್ರ ಹೊಸಬರದ್ದು.

ಅಮೆರಿಕದ ನಿಯೋಶ್ ಸಂಸ್ಥೆಯ ಸಲಹೆ ಹೀಗಿದೆ: ಹೊಸಬರು ಬಿಸಿಲಿನ ಕೆಲಸವನ್ನು ಮೊದಲ ದಿನ ಶೇ. 20ರಷ್ಟು ಮಾತ್ರ ಮಾಡಿ, ದಿನಕ್ಕೆ ಶೇ. 20ರಂತೆ ಏರಿಸಬೇಕು. ರಜೆ ಮುಗಿಸಿ ಬಂದ ಹಳಬರು ಶೇ. 50, 60, 80, 100 ಹೀಗೆ ನಾಲ್ಕು ದಿನ ತೆಗೆದುಕೊಳ್ಳಬೇಕು. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಒಳ್ಳೆಯದೇ, ಆದರೆ ಬೆಳಗಿನ ತೇವದ ಸೆಕೆಗೆ ಆ ಗಡಿಯಾರ ಗೊತ್ತಿಲ್ಲ.

ಬಿಸಿಲಲ್ಲಿದ್ದವರು ತಡವರಿಸಿ ಮಾತಾಡಿದರೆ, ಗೊಂದಲಗೊಂಡರೆ 998ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರೋವರೆಗೆ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸ್ತಾ ಇರಿ. ಊರಿಗೆ ಹೊರಟ ನಿಮ್ಮ ಅಣ್ಣನಿಗೋ ಮಾವನಿಗೋ ಈ ನಾಲ್ಕು ದಿನದ ಲೆಕ್ಕ ಈಗಲೇ ಹೇಳಿಡಿ.