ಗುಳೆ ಹೋದವರ ಮನಸ್ಸಿನ ಭಾರ

ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕೊಪ್ಪಳ ಕಡೆಯ ಮಂದಿ ಬೆಂಗಳೂರಿಗೆ ಗುಳೆ ಹೋಗುವುದು ನಮಗೆಲ್ಲ ಗೊತ್ತೇ ಇದೆ. ಅಲ್ಲಿ ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ತಿರುಗಿ ಬಂದಾಗ ಕೂಲಿ ಎಷ್ಟು ಸಿಕ್ಕಿತು ಎಂದು ಎಲ್ಲರೂ ಕೇಳುತ್ತಾರೆ. ಮನಸ್ಸು ಹೆಂಗಿತ್ತು ಎಂದು ಯಾರೂ ಕೇಳುವುದಿಲ್ಲ.

"ಬೆಂಗಳೂರೂ ನಮ್ಮ ರಾಜ್ಯದ್ದೇ, ಅಲ್ಲೇನು ಕಷ್ಟ?" ಎನ್ನಬಹುದು. ಆದರೆ ಅಲ್ಲಿ ರೊಟ್ಟಿಯ ಬದಲು ಅನ್ನ, ಮುದ್ದೆ. ನಮ್ಮ ಮಾತಿನ ಧಾಟಿ ಕೇಳಿ ಕೆಲವರು ನಗುತ್ತಾರೆ. ಪಕ್ಕದ ಶೆಡ್ಡಿನವರು ಬಂಗಾಳಿ, ಹಿಂದಿ, ತೆಲುಗು ಆಡುವವರು. ಹೀಗೆ ಹೊಸ ರೀತಿನೀತಿಗೆ ಒಗ್ಗಿಕೊಳ್ಳುವಾಗ ಮನಸ್ಸಿಗೆ ಬೀಳುವ ಭಾರವನ್ನು ಕೆನಡಾದ ಮನಃಶಾಸ್ತ್ರಜ್ಞ ಜಾನ್ ಬೆರಿ ಬಹಳ ವರ್ಷ ಅಭ್ಯಾಸ ಮಾಡಿದ್ದಾರೆ. ತಮ್ಮ ಪದ್ಧತಿಯನ್ನೂ ಇಟ್ಟುಕೊಂಡು ಹೊಸ ಊರಿನವರೊಡನೆಯೂ ಬೆರೆತವರಿಗೆ ಈ ಭಾರ ಕಡಿಮೆ, ಎರಡೂ ಕಡೆ ಸಲ್ಲದವರಿಗೆ ಹೆಚ್ಚು ಎಂಬುದು ಅವರ ವಿಚಾರ. ನಿದ್ದೆ ಬಾರದಿರುವುದು, ತಲೆನೋವು, ಸುಮ್ಮಸುಮ್ಮನೆ ಸಿಟ್ಟು ಇದರ ಗುರುತುಗಳು. ನಮ್ಮವರು "ಅಲ್ಲಿ ನೀರು ಒಗ್ಗಲಿಲ್ಲ" ಎಂದುಬಿಡುತ್ತಾರೆ!

ನಮ್ಮ ಮಂದಿ ಒಬ್ಬೊಬ್ಬರೇ ಹೋಗುವುದು ಕಡಿಮೆ. ಅಣ್ಣತಮ್ಮಂದಿರು, ಬೀಗರು, ಓಣಿಯವರು ಕೂಡಿ ಹೋಗಿ ಒಂದೇ ಸಾಲಿನಲ್ಲಿ ಇರುತ್ತಾರೆ. ಒಬ್ಬಾಕೆಗೆ ಜ್ವರ ಬಂದರೆ ಇನ್ನೊಬ್ಬಾಕೆ ಕೂಸನ್ನು ನೋಡಿಕೊಳ್ಳುತ್ತಾಳೆ. ಜೋಳದ ಹಿಟ್ಟು, ಶೇಂಗಾ ಚಟ್ನಿ ಹಂಚಿಕೊಳ್ಳುತ್ತಾರೆ. ಇದು ದೊಡ್ಡ ಆಸರೆ. ಮೇಸ್ತ್ರಿಯೂ ಎಷ್ಟೋ ಸಲ ಊರ ಕಡೆಯವನೇ. ಆದರೆ ಮುಂಗಡ ಕೊಟ್ಟವನೂ ಅವನೇ ಆದರೆ, ಕೆಲಸ ಬಿಟ್ಟು ಬರಬೇಕೆಂದರೂ ಅವನು ಬಿಡಬೇಕಲ್ಲ!

ಊರಿನವರ ಆಸರೆ ಒಂದೇ ಸಾಕಾಗುವುದಿಲ್ಲ ಎಂಬುದು 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕಂಡಿತು. ಕೆಲಸ ನಿಂತು ಇಡೀ ಸಾಲಿನವರ ಕೈ ಒಮ್ಮೆಲೇ ಖಾಲಿ. ಆಗ ಯಾರಿಗೆ ಯಾರು ಕಡ ಕೊಡಬೇಕು? ಮೇ ತಿಂಗಳಲ್ಲಿ ಸರ್ಕಾರ ಉಚಿತ ಬಸ್ಸು ಬಿಟ್ಟಾಗ ಮೆಜೆಸ್ಟಿಕ್ಕಿನಲ್ಲಿ ನೂಕುನುಗ್ಗಲು. ಇಂಥ ಹೊತ್ತಿನಲ್ಲಿ ಅಲ್ಲಿಯವರೇ ಯಾರಾದರೂ ಪರಿಚಯ ಇರಬೇಕು. ಸರ್ಕಾರಿ ದವಾಖಾನೆ ಎಲ್ಲಿದೆ, ಊರಿನ ರೇಷನ್ ಕಾರ್ಡು ಅಲ್ಲಿ ನಡೆಯುತ್ತದೋ ಇಲ್ಲವೋ (ನಡೆಯುತ್ತದೆ) ಎಂದು ಹೇಳುವವರು ಬೇಕು.

ಅವ್ವ ಅಪ್ಪನ ಸಂಗಡ ಹೋಗುವ ಗೆಳೆಯ ಗೆಳತಿಯರೇ, ಶೆಡ್ಡಿನ ಹತ್ತಿರದ ಸರ್ಕಾರಿ ಶಾಲೆಗೆ ಸೇರಿರಿ. ಟಿ.ಸಿ. ಬರುವುದು ತಡವಾಯಿತೆಂದು ಎಂಟನೇ ತರಗತಿಯವರೆಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಲ್ಲಿ ನಿಮಗೊಬ್ಬ ಗೆಳೆಯ ಸಿಕ್ಕರೆ, ಅವ್ವನಿಗೂ ಅವರ ಮನೆಯವರ ಪರಿಚಯ ಆಗುತ್ತದೆ.